ಅತ್ತೆಗೆ ಸಾಗರದಲ್ಲಿ ತಿಂಡಿ ತಿನ್ನಿಸಿದ್ದು

ಹೊಸನಗರದಲ್ಲಿ ನನ್ನದೊಂದು ಪಂಪು, ಪೈಪುಗಳ ಅಂಗಡಿ ಇದೆ. ಕೆಟ್ಟು ನಿಂತ ಎಂಥ ಮೋಟಾರನ್ನೂ ಮತ್ತೆ ಓಡಿಸಬಲ್ಲವನು ಎಂದು ಸುತ್ತಲಿನ ಹಳ್ಳಿಗಳಲ್ಲಿ ನನಗೆ ಹೆಸರಿದೆ. ಇಂಥ ಮನುಷ್ಯನಿಗೆ ವಯಸ್ಸಾದ ಒಬ್ಬ ಹೆಂಗಸಿಗೆ ಒಂದು ಹೊತ್ತಿನ ತಿಂಡಿ ತಿನ್ನಿಸುವುದು ಯಾವ ಮಹಾ ಕೆಲಸ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ. ಅದೂ ಹೆಂಡತಿಯ ಎದುರಿಗೆ, ಗಟ್ಟಿ ದನಿಯಲ್ಲಿ!

ಸಂಗತಿ ಏನೆಂದರೆ, ನನ್ನ ಹೆಂಡತಿ ಸುನಂದಾ ನಾಟಕಕ್ಕೆ ಸೇರಿದ್ದಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅವಳು, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ, ಸಾಗರದ ಕೆಲವು ಹೆಂಗಸರು ಕೂಡಿ ಕಟ್ಟಿಕೊಂಡ ತಂಡಕ್ಕೆ ಹೋಗಿ, ತಾಲೀಮು ಮಾಡಿ, ಒಬ್ಬ ಜಗಳಗಂಟಿ ನೆರೆಮನೆಯವಳ ಪಾತ್ರ ಗಿಟ್ಟಿಸಿದ್ದಳು. "ಈ ಪಾತ್ರಕ್ಕೆ ತಾಲೀಮು ಬೇರೆ ಬೇಕಾ?" ಎಂದು ನಾನು ಕೇಳಿ ಅದರ ಫಲವನ್ನೂ ಉಂಡಿದ್ದೆ. ಮೊದಲ ಅಂಕದಲ್ಲಿ ಬಂದು, ಜಗಳವಾಡಿ, ಮೊದಲ ಅಂಕದಲ್ಲೇ ಊರು ಬಿಟ್ಟು ಹೋಗುವ ಪಾತ್ರ. ಚಿಕ್ಕದು. ಆದರೆ ಸುನಂದಾಗೆ ಅದು ಚಿಕ್ಕದಾಗಿರಲಿಲ್ಲ. ಶಾಲೆಯಲ್ಲಿದ್ದಾಗ ನಾಟಕಕ್ಕೆ ಹೆಸರು ಕೊಟ್ಟಿದ್ದವಳನ್ನು ಅವಳಪ್ಪ ಅರ್ಧ ತಾಲೀಮಿನಿಂದ ಮನೆಗೆ ಎಬ್ಬಿಸಿಕೊಂಡು ಬಂದಿದ್ದರಂತೆ. ಈಗ ಮಾವ ಇಲ್ಲ. "ನೀನು ಬಣ್ಣ ಹಚ್ಚಿದ್ದನ್ನ ಒಂದ್ಸಲ ನೋಡ್ಬೇಕು ಮಗಾ" ಎಂದು ಅತ್ತೆ ತಾವಾಗಿಯೇ ತೀರ್ಥಹಳ್ಳಿಯಿಂದ ಹಿಂದಿನ ದಿನವೇ ಬಂದಿಳಿದಿದ್ದರು.

ಅತ್ತೆಯದೊಂದು ನೇಮವಿದೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎನ್ನುವುದು ನಮ್ಮಲ್ಲಿ ಹಿರಿಯರಿಂದ ಬಂದದ್ದು. ಅದು ನನ್ನ ತನಕ ಬರುವಷ್ಟರಲ್ಲಿ ಕೊಂಚ ಸಡಿಲವಾಗಿದೆ. ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಕುಕ್ಕರ್ ಕೂಗುತ್ತದೆ, ಅದರೊಳಗೆ ಆಲೂಗಡ್ಡೆಯೂ ಇರುತ್ತದೆ. ಅತ್ತೆ ಹಾಗಲ್ಲ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆಯುವ ಗೆಡ್ಡೆ ಯಾವುದೂ ಇಲ್ಲ, ನಿನ್ನೆ ರುಬ್ಬಿದ ಹಿಟ್ಟೂ ಇಲ್ಲ. ಅವರು ಬರುತ್ತಾರೆಂದರೆ ಅಳಿಯನ ಮಾನ ಉಳಿಯಲೆಂದು ನಮ್ಮ ಮನೆಯ ಆಲೂಗಡ್ಡೆ ಬುಟ್ಟಿ ಗುಟ್ಟಾಗಿ ಕಾರಿನ ಡಿಕ್ಕಿಗೆ ವಲಸೆ ಹೋಗುತ್ತದೆ.

ನಾಟಕದ ದಿನ ಬೆಳಿಗ್ಗೆ ಸುನಂದಾ ಚಪಾತಿ ಹಿಟ್ಟು ಕಲಸುತ್ತಿದ್ದಳು.

"ನಾಟಕ ಆರೂವರೆಗೆ ಶುರು. ಮುಗಿಯೋದು ಕತ್ತಲಾದ ಮೇಲೆ. ಅಮ್ಮಂಗೆ ಚಪಾತಿ, ಬಾಳೆಕಾಯಿ ಪಲ್ಯ ಡಬ್ಬಿಗೆ ಹಾಕಿ ಇಡ್ತೀನಿ. ಅಲ್ಲಿ ಹೋಗಿ ಕಾರಲ್ಲೇ ಕೂತು ತಿನ್ಲಿ" ಎಂದಳು.

ನನ್ನ ಅಳಿಯತನದ ಕಪಾಳಕ್ಕೆ ಯಾರೋ ಹೊಡೆದಂತಾಯಿತು.

"ಸಾಗರಕ್ಕೆ ಬುತ್ತಿ ಕಟ್ಕೊಂಡು ಹೋಗೋದಾ? ಅತ್ತೆ ಮೊದಲ ಸಲ ನನ್ನ ಜೊತೆ ನಾಟಕಕ್ಕೆ ಬರ್ತಿದಾರೆ, ಕಾರಲ್ಲಿ ಕೂತು ಡಬ್ಬಿ ಬಿಚ್ಚೋದಾ? ಹೆಜ್ಜೆಗೊಂದು ಹೋಟ್ಲಿದೆ ಆ ಊರಲ್ಲಿ!"

"ಹೋಟ್ಲಲ್ಲಿ ಅಮ್ಮಂಗೆ ಆಗೋದು ಎಂತ ಸಿಗ್ತದೆ?"

"ಸಿಗೋ ಹಾಗೆ ಮಾಡೋದು ನನ್ನ ಕೆಲಸ. ಒಂದು ತಿಂಡಿ ಕೊಡ್ಸೋದು ಯಾವ ಮಹಾ ಕೆಲಸ?"

ಸುನಂದಾ ಹಿಟ್ಟಿನ ಕೈಯಲ್ಲೇ ಎರಡು ಬೆರಳು ಎತ್ತಿದಳು. "ನೋಡಿ, ನಂಗೆ ಎರಡೇ ಆಗ್ಬೇಕು. ಅಮ್ಮ ಹಸ್ಕೊಂಡು ಕೂರಬಾರದು. ನಾನು ಸ್ಟೇಜಿಗೆ ಬರುವಾಗ ಅಮ್ಮ ಮುಂದಿನ ಸಾಲಲ್ಲಿ ಇರ್ಬೇಕು. ಎರಡು ಕುರ್ಚಿ ಹಿಡ್ಸಿ ಇಟ್ಟಿರ್ತೀನಿ."

"ಎರಡೂ ಆಯ್ತು ಅಂತ್ಲೇ ತಿಳ್ಕೋ!" ಎಂದು ನಾನು ವಚನ ಕೊಟ್ಟೆ. ಅವಳು ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿ, ಸೀರೆ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದಳು. ಸಾಗರದಲ್ಲಿ ಗಡದ್ದಾಗಿ ತಿನ್ನುವುದಿದೆಯಲ್ಲ ಎಂದು ನಾನು ಮಧ್ಯಾಹ್ನ ನಾಲ್ಕು ತುತ್ತು ಉಂಡು ಎದ್ದೆ.

ಸಾಗರ ಮುಟ್ಟಿದಾಗ ಬಿಸಿಲು ಇನ್ನೂ ಜೋರಾಗಿತ್ತು. ಅಂದಿನ ಸೂರ್ಯಾಸ್ತದ ಹೊತ್ತನ್ನು ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದೆ. ಅದೂ ಹೆಚ್ಚುಕಡಿಮೆ ಆರೂವರೆಯೇ. ಸೂರ್ಯನಿಗೂ ನಾಟಕಕ್ಕೂ ಒಂದೇ ಟೈಮು! ನನಗೆ ಬೇಕಾದಷ್ಟು ಹೊತ್ತಿತ್ತು. ಕಾರಿನಿಂದ ಇಳಿಯುವಾಗ ಅತ್ತೆ ಬಸ್‌ಸ್ಟ್ಯಾಂಡಿನ ಕಡೆ ಬೆರಳು ಮಾಡಿದರು.

"ಅಳಿಯಂದ್ರೆ, ಅಲ್ಲಿ ಬಾಳೆಹಣ್ಣು ಚಲೋ ಕಾಣ್ತಿದೆ. ಎರಡು ತಂದ್ರೆ ನಂಗೆ ಸಾಕು. ಹೋಟ್ಲೆಲ್ಲ ಎಂತಕ್ಕೆ?"

"ಛೆ ಛೆ ಅತ್ತೆ, ಅಳಿಯನ ಜೊತೆ ಬಂದು ಬಾಳೆಹಣ್ಣು ತಿಂದು ನಾಟಕ ನೋಡೋದಾ! ಕೇಳಿದವ್ರು ಎಂತ ಅಂದಾರು?" ಎಂದೆ. ಕೇಳುವವರು ಯಾರು ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಗಾಜಿನ ಬಾಗಿಲಿನ, ಮೆತ್ತನೆ ಕುರ್ಚಿಯ ಒಂದು ದೊಡ್ಡ ಹೋಟೆಲಿಗೆ ಅವರನ್ನು ಕರೆದುಕೊಂಡು ಹೋದೆ. ಸಪ್ಲೈಯರ್ ಬಂದು ಒಂದೇ ಉಸಿರಿಗೆ ಇಪ್ಪತ್ತು ತಿಂಡಿಯ ಹೆಸರು ಹೇಳಿ ನಿಂತ.

"ಈರುಳ್ಳಿ ಬೆಳ್ಳುಳ್ಳಿ ಹಾಕದೇ ಇರೋದು ಎಂತ ಉಂಟು?"

ಅವನು ಯೋಚಿಸಿದ. ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದ. "ಕಾಫಿ ಉಂಟು ಸರ್" ಎಂದ.

"ತಿನ್ನೋದು?"

"ಜಾಮೂನು."

ಹೊಟ್ಟೆಗೇನು ಕೊಡಿಸಿದಿರಿ ಎಂದು ಸುನಂದಾ ಕೇಳಿದರೆ ಜಾಮೂನು ಎನ್ನಲಾದೀತೇ! ಇಡ್ಲಿ ಎಂದೆ. ಅತ್ತೆ ಮೆಲ್ಲಗೆ, "ನಿನ್ನೆ ರುಬ್ಬಿದ ಹಿಟ್ಟಲ್ದಾ ಅದು?" ಎಂದರು. ಸಾದಾ ದೋಸೆ ಎಂದೆ. ಅದೂ ಅದೇ ಹಿಟ್ಟು. ಪೂರಿಗೆ ಸಾಗು, ಸಾಗುವಿಗೆ ಈರುಳ್ಳಿ. ಚಪಾತಿಗೆ ಕುರ್ಮಾ, ಕುರ್ಮಾಕ್ಕೆ ಈರುಳ್ಳಿ ಬೆಳ್ಳುಳ್ಳಿ ಎರಡೂ. ಚಟ್ನಿಗಾದರೂ ಹಾಕಿಲ್ಲ ತಾನೇ ಎಂದರೆ, "ಚಟ್ನಿಗೆ ಈರುಳ್ಳಿ ಹಾಕಲ್ಲ ಸರ್, ಬೆಳ್ಳುಳ್ಳಿ ಮಾತ್ರ" ಎಂದು ಅವನು ಸಮಾಧಾನ ಹೇಳಿದ. ಈ ನಾಡಿನ ಹೋಟೆಲಿನವರು ಉಸಿರಾಡುವುದಕ್ಕೂ ಈರುಳ್ಳಿ ಹೆಚ್ಚಿಕೊಳ್ಳುತ್ತಾರೆಯೇ ಎಂದು ನನಗೆ ಮೈ ಉರಿಯಿತು. ಆದರೂ ನಾನು ಸೋಲುವ ಜಾತಿಯವನಲ್ಲ.

"ನೋಡಪ್ಪಾ, ಹೊಸದಾಗಿ ಒಂದು ಉಪ್ಪಿಟ್ಟು ಮಾಡ್ಸು. ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ. ಹೊಸ ಬಾಣಲೆಯಲ್ಲಿ. ತುಪ್ಪ ಹಾಕಿ."

"ಹೊತ್ತಾಗ್ತದೆ ಸರ್."

"ಆಗ್ಲಿ! ನಮ್ಗೆ ಬೇಕಾದಷ್ಟು ಹೊತ್ತುಂಟು."

ಕಾಯುತ್ತಾ ಕೂತೆವು. ಅತ್ತೆ ಇನ್ನೊಂದು ಸಲ ಬಾಳೆಹಣ್ಣಿನ ಮಾತೆತ್ತಿದರು, ನಾನು ಇನ್ನೊಂದು ಸಲ ಛೆ ಛೆ ಎಂದೆ. ಆಮೇಲೆ ಅವರು ಕಿಟಕಿಯ ಹೊರಗೆ ನೋಡುತ್ತಾ ಸುಮ್ಮನಾದರು. ಬಾಳೆಹಣ್ಣಿನ ಮಾತು ಮತ್ತೆ ಬರಲಿಲ್ಲ. ಅಳಿಯನ ಮೇಲೆ ಭರವಸೆ ಬಂತು ಎಂದುಕೊಂಡು ನಾನು ಬೀಗಿದೆ.

ಕೊನೆಗೂ ಉಪ್ಪಿಟ್ಟು ಬಂತು. ಬಿಳಿಯ ಹಬೆ, ತುಪ್ಪದ ಘಮ, ಮೇಲೆ ಗೋಡಂಬಿ. "ತಗೊಳ್ಳಿ ಅತ್ತೆ!" ಎಂದು ತಟ್ಟೆಯನ್ನು ನಾನೇ ಅವರ ಮುಂದೆ ಸರಿಸಿದೆ. ಅತ್ತೆ ಚಮಚದ ತುದಿಯಿಂದ ಒಂದು ಹೋಳನ್ನು ಹೊರಳಿಸಿ ನೋಡಿದರು.

"ಇದು ಆಲೂಗಡ್ಡೆ ಅಲ್ದಾ?"

"ಹೌದಮ್ಮಾ!" ಸಪ್ಲೈಯರನ ಮುಖ ಅರಳಿತು. "ಈರುಳ್ಳಿ ಬೇಡ ಅಂದ್ರಲ್ಲ, ರುಚಿ ಕಮ್ಮಿ ಆಗ್ಬಾರ್ದು ಅಂತ ಭಟ್ರು ಆಲೂಗಡ್ಡೆ, ಕ್ಯಾರೆಟ್ಟು ಜಾಸ್ತಿ ಹಾಕಿದಾರೆ. ನಿಮಗೋಸ್ಕರ!"

ಆಲೂಗಡ್ಡೆ ಬೇಡ ಎಂದು ನಾನು ಹೇಳಿರಲಿಲ್ಲ, ನಿಜ. ಉಪ್ಪಿಟ್ಟಿಗೆ ಯಾರಾದರೂ ಆಲೂಗಡ್ಡೆ ಹಾಕುತ್ತಾರೆ ಎಂದು ಯಾವ ಅಳಿಯ ತಾನೇ ಊಹಿಸಿಯಾನು? "ಆರ್ಸಿ ತೆಗೆದ್ರೆ ಆಗ್ತದಾ ಅತ್ತೆ?" ಎಂದು ಬಾಯಿ ತಪ್ಪಿ ಕೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು. ನಮ್ಮ ಕಾರಿನ ಡಿಕ್ಕಿಯಲ್ಲಿದ್ದ ಬುಟ್ಟಿಯೂ ಅವರಿಗೆ ಕಂಡುಬಿಟ್ಟಿತೇನೋ ಎಂದು ನನಗೆ ಭಯವಾಯಿತು. ಹಸಿವು ನನ್ನ ಹೊಟ್ಟೆಯಲ್ಲಿ ಚುರುಗುಟ್ಟುತ್ತಿತ್ತು, ಆದರೆ ಅತ್ತೆಯ ಎದುರು ಆಲೂಗಡ್ಡೆ ಜಗಿಯುವ ಧೈರ್ಯ ಬರಲಿಲ್ಲ. ಮುಟ್ಟದ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆವು.

ಬಾಗಿಲು ದಾಟುವಾಗ ನನಗೆ ನೀರುದೋಸೆ ಹೊಳೆಯಿತು! ಅಕ್ಕಿಯನ್ನು ಅದೇ ದಿನ ನೆನೆಸಿ, ಅದೇ ದಿನ ರುಬ್ಬಿ, ನೀರು ಮಾಡಿ ಹೊಯ್ಯುವುದು. ಹುಳಿ ಬರಿಸುವುದಿಲ್ಲ, ಈರುಳ್ಳಿಯ ಸೋಂಕಿಲ್ಲ. ಜೊತೆಗೆ ಕಾಯಿ, ಬೆಲ್ಲ. ನನ್ನ ತಲೆಗೆ ನಾನೇ ಕೈ ಮುಗಿಯಬೇಕು ಎನ್ನಿಸಿತು. ರಂಗಮಂದಿರದ ಹಿಂದಿನ ಓಣಿಯಲ್ಲೇ ಕುಂದಾಪುರದ ಕಡೆಯವರದ್ದೊಂದು ನೀರುದೋಸೆ ಹೋಟೆಲು ಇತ್ತು.

ಆದರೆ ಅಂದು ಸಾಗರದಲ್ಲಿ ನಾಟಕ ನೋಡಲು ಬಂದವರೆಲ್ಲ ಅಲ್ಲೇ ಇದ್ದರು. ಇಂಥ ಹೋಟೆಲಿನಲ್ಲಿ ಕುರ್ಚಿ ಹಿಡಿಯಲು ಒಂದೇ ದಾರಿ. ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು ಅವರ ತಟ್ಟೆಯನ್ನೇ ದಿಟ್ಟಿಸುವುದು. ಅತ್ತೆಯನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಜುಬ್ಬಾ ತೊಟ್ಟ ಇಬ್ಬರ ಹಿಂದೆ ನಾನು ನಿಂತೆ. ಅವರ ತಟ್ಟೆ ಖಾಲಿಯಾಗಿ ಒಣಗಿತ್ತು. ಮಾತು ಮಾತ್ರ ಹಸಿಯಾಗಿತ್ತು. ರಂಗದ ಮೇಲೆ ಕತ್ತಲೆಯೂ ಒಂದು ಪಾತ್ರವೇ ಅಲ್ಲವೇ ಎಂದು ಒಬ್ಬರು, ಅಲ್ಲ ಎಂದು ಇನ್ನೊಬ್ಬರು. ನಾನು ಕೆಮ್ಮಿದೆ. ಕುರ್ಚಿಯನ್ನು ಸ್ವಲ್ಪ ಅಲುಗಾಡಿಸಿದೆ. ಒಬ್ಬರು ಹಿಂದೆ ತಿರುಗಿ, ನಾನೂ ಅವರ ಪೈಕಿಯೇ ಎಂದುಕೊಂಡು, "ಇದರಲ್ಲಿ ತಮ್ಮ ಅಭಿಪ್ರಾಯ ಏನು ಸರ್?" ಎಂದರು.

"ಎದ್ದರೆ ಒಳ್ಳೇದು ಅಂತ ನನ್ನ ಅಭಿಪ್ರಾಯ" ಎಂದೆ.

ಅವರು ಎದ್ದರು. ಅತ್ತೆಯನ್ನು ಕರೆತಂದು ಕೂರಿಸಿದೆ. ಹಿಟ್ಟು ಇವತ್ತಿನದೇ ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರಿಂದ ಖಾತ್ರಿ ಮಾಡಿಕೊಂಡೆ. ಗೆದ್ದೆ ಎನ್ನುತ್ತಾ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದೆ. ದೋಸೆ ಹೊಯ್ಯುವವನು ಎಡಗೈಯಲ್ಲಿ ಏನನ್ನೋ ಹಿಡಿದು ಕಾವಲಿಗೆ ಎಣ್ಣೆ ಸವರುತ್ತಿದ್ದ. ಎದ್ದು ಹೋಗಿ ನೋಡಿದೆ.

ಅರ್ಧ ಈರುಳ್ಳಿ!

"ಅಯ್ಯೋ, ಈರುಳ್ಳಿ ಉಜ್ಬೇಡ ಮಾರಾಯಾ! ಬಟ್ಟೆಯಲ್ಲಿ ಉಜ್ಜು, ಬಾಳೆದಿಂಡಲ್ಲಿ ಉಜ್ಜು. ಮೊದಲು ಆ ಕಾವಲಿ ತೊಳಿ."

"ಕಾವಲಿ ತೊಳೂದಾ?" ಅವನು ನನ್ನನ್ನು ಹುಚ್ಚನೆಂಬಂತೆ ನೋಡಿದ. "ತೊಳೆದ್ರೆ ದೋಸೆ ಏಳೂದಿಲ್ಲ ಮಾರಾಯ್ರೆ."

"ಕಬ್ಬಿಣದ ವಿಷ್ಯ ನಂಗೆ ಹೇಳ್ಬೇಡ. ನಮ್ದು ಪೈಪಿನ ಅಂಗಡಿ."

ಗಲ್ಲಾದಿಂದ ಯಜಮಾನರು, "ಎಂತ ಗಲಾಟೆ ಅದು?" ಎಂದು ಕೂಗಿದರು. ಅತ್ತೆಯ ನೇಮ, ಹೆಂಡತಿಯ ನಾಟಕ, ಮುಳುಗುತ್ತಿರುವ ಸೂರ್ಯ, ಎಲ್ಲವನ್ನೂ ನಾನು ಒಟ್ಟಿಗೆ ಹೇಳಿದೆ. ಪಾಪ, ದೊಡ್ಡ ಮನುಷ್ಯ. "ಪ್ರಾಯ ಆದವ್ರು ಹಸಿದು ಕೂತಿದ್ರೆ ಒಂದ್ಸಲ ತೊಳ್ದು ಕೊಡು ಅತ್ಲಾಗಿ" ಎಂದುಬಿಟ್ಟರು. ದೋಸೆಯವನು ಇನ್ನೂ ಹಿಂದೆಮುಂದೆ ನೋಡುತ್ತಿದ್ದ. ನನಗೆ ತಾಳ್ಮೆ ಎಲ್ಲಿತ್ತು? ಚೊಂಬಿನ ನೀರನ್ನು ನಾನೇ ಎತ್ತಿ ಕಾವಲಿಯ ಮೇಲೆ ಸುರಿದೆ. ಚೊಂಯ್ ಎಂದು ಹಬೆ ಸೂರು ಮುಟ್ಟಿತು. ಪಕ್ಕದಲ್ಲಿದ್ದ ಸೋಪಿನ ಪುಡಿ ಉದುರಿಸಿ, ನಾರು ಹಿಡಿದು, ಕಪ್ಪೆಲ್ಲ ಹೋಗುವ ಹಾಗೆ ತಿಕ್ಕಿ ತೊಳೆದೆ. ಎಷ್ಟೋ ವರ್ಷಗಳಿಂದ ಪಳಗಿದ ಕಾವಲಿ ಅದು. ಬೆಳ್ಳಗೆ ಹೊಳೆಯಿತು!

ಮೊದಲ ದೋಸೆ ಏಳಲಿಲ್ಲ. ಎರಡನೆಯದು ಏಳಲಿಲ್ಲ. ಮೂರನೆಯದನ್ನು ದೋಸೆಯವನು ಗೋಡೆಗೆ ಬಳಿದ ಸುಣ್ಣವನ್ನು ಕೆರೆಯುವಂತೆ ಕೆರೆದ. ಹೋಟೆಲಿನಲ್ಲಿ ಇದ್ದದ್ದು ಅದೊಂದೇ ಕಾವಲಿ. ಹೊರಗೆ ತಟ್ಟೆ ಹಿಡಿದು ಕಾಯುತ್ತಿದ್ದ ರಂಗಾಸಕ್ತರಲ್ಲಿ ಗುಜುಗುಜು ಎದ್ದಿತು. "ದೋಸೆ ಯಾಕ್ರೀ ಬರ್ತಿಲ್ಲ?" "ಯಾರೋ ಕಾವಲಿ ತೊಳೆದರಂತೆ!" "ಯಾರ್ರೀ ಅದು ತಲೆಕೆಟ್ಟವ್ನು?" ಎಲ್ಲರೂ ಸುತ್ತಮುತ್ತ ನೋಡಿದರು. ನಾನೂ ನೋಡಿದೆ.

ಕೊನೆಗೆ ಎಣ್ಣೆಯ ಮೇಲೆ ಎಣ್ಣೆ ಸುರಿದು, ಕೆರೆದು, ಬಳಿದು, ಬೆಳ್ಳನೆಯ ಚೂರುಗಳ ಒಂದು ಗುಡ್ಡೆಯನ್ನು ಅವನು ತಟ್ಟೆಗೆ ಹಾಕಿ ಕೊಟ್ಟ. ಮೇಲೆ ಕಾಯಿ, ಬೆಲ್ಲ. ನೀರುದೋಸೆ ಎಂದು ಹೇಳಿದರೆ ನಂಬಬಹುದಿತ್ತು. ಯುದ್ಧ ಗೆದ್ದವನಂತೆ ತಟ್ಟೆಯನ್ನು ಹೊತ್ತು ತಂದೆ.

"ಅತ್ತೆ, ಒಂದು ಚೂರು ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ನಿನ್ನೆಯ ಹಿಟ್ಟಲ್ಲ. ಹೊತ್ತು ಮುಳುಗೋಕೆ ಇನ್ನೂ ಹತ್ತು ನಿಮಿಷ ಉಂಟು. ತಗೊಳ್ಳಿ!"

ಅತ್ತೆ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಅಂಗಿಯೆಲ್ಲ ಮಸಿಯಾಗಿತ್ತು.

"ಅಳಿಯಂದ್ರೆ, ಬೇಜಾರು ಮಾಡ್ಕೋಬೇಡಿ. ನಾನು ಹೊತ್ತು ಮುಳುಗೋಕೆ ಎರಡು ಗಳಿಗೆ ಮುಂಚೆನೇ ನಿಲ್ಸೋದು."

ಎರಡು ಗಳಿಗೆ ಎಂದರೆ ಹತ್ತಿರ ಹತ್ತಿರ ಮುಕ್ಕಾಲು ಗಂಟೆ. ನಮ್ಮ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರು. ಜೈನನಾಗಿ ಹುಟ್ಟಿ, ಜೈನರ ಮನೆಯ ಅಳಿಯನಾಗಿ, ಸೂರ್ಯ ಮುಳುಗುವ ಹೊತ್ತನ್ನು ಮೊಬೈಲಿನಲ್ಲಿ ನೋಡಿದ ನನಗೆ ಇದು ಮರೆತೇ ಹೋಗಿತ್ತು.

"ಹಾಗಾದ್ರೆ ಟೈಮು ಯಾವಾಗ ಮುಗೀತು?"

"ಆ ದೊಡ್ಡ ಹೋಟ್ಲಲ್ಲಿ ಕೂತಿದ್ವಲ್ಲ, ಉಪ್ಪಿಟ್ಟು ಬರೋಕೆ ಮೊದ್ಲೇ."

"ಮತ್ತೆ ಇಷ್ಟೊತ್ತು ಯಾಕೆ ಹೇಳ್ಲಿಲ್ಲ ಅತ್ತೆ?"

"ನೀವು ಅಷ್ಟು ಒದ್ದಾಡ್ತಿದ್ರಿ. ಪಾಪ, ಹ್ಯಾಂಗೆ ಹೇಳೋದು ಅಂತ ಸುಮ್ನಾದೆ. ನಂಗೆ ಉಪವಾಸ ಹೊಸತಲ್ಲ ಬಿಡಿ. ನಡೀರಿ, ಮಗು ಕಾಯ್ತಿರ್ತಾಳೆ."

ಸಿಟ್ಟು ಮಾಡಬೇಕೆಂದರೂ ಯಾರ ಮೇಲೆ ಮಾಡುವುದು? ನೀರುದೋಸೆಯ ಚೂರುಗಳನ್ನು ತಿರುತಿರುಗಿ ನೋಡುತ್ತಾ ರಂಗಮಂದಿರದ ಕಡೆ ಓಡಿದೆ. ಅತ್ತೆ ಓಡಲಿಲ್ಲ. ಅವರ ಮಂಡಿಗೆ ಅದು ಆಗದ ಕೆಲಸ. ಹಾಗಾಗಿ ನಾನು ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಓಣಿ ಬಳಸಿ ಮುಂಬಾಗಿಲಿಗೆ ಬಂದಾಗ ಒಳಗೆ ದೀಪ ಆರಿತ್ತು. ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಅಡ್ಡ ನಿಂತಿದ್ದಳು.

"ಮೊದಲ ಅಂಕ ಮುಗಿಯೋವರೆಗೆ ಒಳಗೆ ಬಿಡಲ್ಲ ಸರ್. ಕಲಾವಿದರಿಗೆ ತೊಂದ್ರೆ ಆಗ್ತದೆ."

"ಮೇಡಂ, ಆ ಕಲಾವಿದೆ ನನ್ನ ಹೆಂಡ್ತಿ! ಇವರ ಮಗಳು! ಅವಳ ಪಾತ್ರ ಇರೋದೇ ಮೊದಲ ಅಂಕದಲ್ಲಿ!"

"ಹಾಗಿದ್ರೆ ನೀವು ಎಲ್ಲರಿಗಿಂತ ಮೊದ್ಲೇ ಬರ್ಬೇಕಿತ್ತು" ಎಂದಳು.

ಅತ್ತೆ ಬಾಗಿಲಿನ ಸಂದಿಗೆ ಕಿವಿ ಹಚ್ಚಿ ನಿಂತರು. ಒಳಗಿನಿಂದ ಸುನಂದಾಳ ದನಿ ಕೇಳಿತು. ಯಾರದೋ ಕೋಳಿ ತನ್ನ ಅಂಗಳಕ್ಕೆ ಬಂದದ್ದಕ್ಕೆ ಅವಳು ಮೂರು ತಲೆಮಾರನ್ನು ಜಾಲಾಡುತ್ತಿದ್ದಳು. ಜನ ಹೋ ಎಂದು ನಕ್ಕರು. "ನಗ್ತಿದಾರೆ! ಚಲೋ ಮಾಡ್ತಿದಾಳೆ ಅಂತ ಕಾಣ್ತದೆ" ಎಂದು ಅತ್ತೆಯೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮಗಳನ್ನು ನೋಡಬೇಕೆಂದು ತೀರ್ಥಹಳ್ಳಿಯಿಂದ ಬಂದ ಜೀವ, ಹೊಟ್ಟೆಗಿಲ್ಲದೆ, ಮುಚ್ಚಿದ ಬಾಗಿಲಿನ ಹೊರಗೆ ನಿಂತು ನಗುವುದನ್ನು ಕಂಡು ನನಗೆ ಅಳು ಬಂದಂತಾಯಿತು. ಬ್ಯಾಡ್ಜಿನ ಹೆಂಗಸಿಗೂ ಕರುಳು ಚುರ್ ಎಂದಿರಬೇಕು. ಬಾಗಿಲನ್ನು ಒಂದು ಅಂಗೈಯಷ್ಟು ಸರಿಸಿದಳು. ಅತ್ತೆ ಇಣುಕಿದರು. ಅಷ್ಟರಲ್ಲಿ ಸುನಂದಾ ಗಂಟುಮೂಟೆ ಕಟ್ಟಿ ಊರು ಬಿಡುತ್ತಿದ್ದಳು. ಅವಳ ಬೆನ್ನು ಕಂಡಿತು.

ಉಳಿದ ಎರಡು ಅಂಕಗಳನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದೆವು. ಅದರಲ್ಲಿ ಏನಿತ್ತೆಂದು ನನ್ನನ್ನು ಕೇಳಬೇಡಿ.

ನಾಟಕ ಮುಗಿದ ಮೇಲೆ ತಂಡದವರೆಲ್ಲ ಒಟ್ಟಿಗೆ ತಿನ್ನುವುದು ಅಲ್ಲಿನ ರೂಢಿ. ಹತ್ತಿರದ ಹೋಟೆಲಿನಲ್ಲಿ ಅವರಿಗಾಗಿ ಮೇಜು ಜೋಡಿಸಿಟ್ಟಿದ್ದರು. ಸುನಂದಾ ಮುಖದ ಬಣ್ಣವನ್ನು ಅರ್ಧ ಮಾತ್ರ ಒರೆಸಿಕೊಂಡು ಬಂದು ಅಮ್ಮನ ಎದುರು ಕೂತಳು.

"ನಾನು ಎರಡು ಖಾಲಿ ಕುರ್ಚಿ ಜೊತೆ ಜಗಳ ಆಡಿ ಬಂದೆ. ಎಲ್ಲಿದ್ದೆ ಅಮ್ಮ?"

"ಬಾಗ್ಲಲ್ಲೇ ಇದ್ದೆ ಮಗಾ. ಎಲ್ಲಾ ಕೇಳ್ತು. ಕಡೇಲಿ ನೋಡ್ದೆ ಕೂಡ. ನೀನು ಸೆರಗು ಚಲೋ ಸಿಕ್ಸಿದ್ದೆ."

"ಊಟ?"

ಅತ್ತೆ ಸುಳ್ಳು ಹೇಳುವವರಲ್ಲ. ಎರಡು ಹೋಟೆಲಿನ ಕಥೆಯೂ ಹೊರಬಂತು. ಸುನಂದಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅರ್ಧ ಬಣ್ಣದ ಆ ಮುಖದಲ್ಲಿ ಮೂರು ತಲೆಮಾರು ಜಾಲಾಡುವ ಲಕ್ಷಣ ಸ್ಪಷ್ಟವಾಗಿ ಕಂಡಿತು. ನಾನು ಹೆದರಿ, ಕೈಗೆ ಸಿಕ್ಕಿದ ಹುಲ್ಲುಕಡ್ಡಿ ಹಿಡಿದೆ.

"ನಾನೂ ಏನೂ ತಿಂದಿಲ್ಲ ಸುನಂದಾ! ಅತ್ತೆ ಉಪವಾಸ ಇರುವಾಗ ನಾನು ತಿನ್ನೋದಾ? ನಂಗೂ ಇವತ್ತು ರಾತ್ರಿ ಊಟ ಬೇಡ!"

ಅತ್ತೆಯ ಕಣ್ಣು ತುಂಬಿತು. "ಕೇಳಿದ್ಯಾ ಮಗಾ, ಅಳಿಯಂದ್ರು ರಾತ್ರಿ ಊಟ ಬಿಟ್ರು!"

"ಇವತ್ತೊಂದಿನ..." ಎಂದು ನಾನು ಬಾಯಿ ತೆರೆದೆ.

"ಇವತ್ತೊಂದಿನ ಅಲ್ಲಮ್ಮ" ಎಂದಳು ಸುನಂದಾ. ದನಿಯಲ್ಲಿ ಎಂಥ ಭಕ್ತಿ! "ಇನ್ನು ಮೇಲೆ ಯಾವಾಗ್ಲೂ ಅಂತೆ. ನಿನ್ನೆಯಿಂದ ಹೇಳ್ತಾನೇ ಇದ್ರು. ನಿನ್ನ ಎದುರಿಗೇ ವ್ರತ ಹಿಡೀಬೇಕು ಅಂತ ಕಾಯ್ತಿದ್ರು."

ಅತ್ತೆ ಎರಡೂ ಕೈ ಎತ್ತಿ ನನ್ನ ತಲೆಯ ಮೇಲಿಟ್ಟರು. ತಂಡದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಎಂಥ ನಟಿ ಎಂಬುದನ್ನು ಅಂದು ನಾನು ಮೊದಲ ಸಲ, ತೀರಾ ಹತ್ತಿರದಿಂದ ನೋಡಿದೆ.

ಸುನಂದಾಗೆ ಮಸಾಲೆ ದೋಸೆ ಬಂತು. ಮಗಳಿಗೆ ಹೇಳಿ ಹೇಳಿ ಸಾಕಾಗಿದ್ದ ಅತ್ತೆ, "ಅವರವರ ನೇಮ ಅವರವರಿಗೆ" ಎಂದುಬಿಟ್ಟರು. ಗರಿಗರಿ ದೋಸೆಯನ್ನು ಮುರಿದು, ಒಳಗಿನ ಆಲೂಗಡ್ಡೆ ಪಲ್ಯವನ್ನು ನನಗೆ ಕಾಣುವ ಹಾಗೆ ಹರಡಿ, ಅವಳು ಒಂದೊಂದೇ ತುತ್ತನ್ನು ಬಹಳ ನಿಧಾನವಾಗಿ ತಿಂದಳು. ನಾನು ಉಗುಳು ನುಂಗಿದೆ. ಸಪ್ಲೈಯರ್ ಬಂದು, "ಸರ್, ನಿಮ್ಗೆ?" ಎಂದ.

"ಒಂದು ಲೋಟ ನೀರು ಕೊಡಪ್ಪಾ" ಎಂದೆ.

ಲೋಟ ಬಂತು. ತುಟಿಗೆ ಇನ್ನೇನು ತಾಗಬೇಕು, ಅತ್ತೆ ಅದನ್ನು ನನ್ನ ಕೈಯಿಂದ ಅಕ್ಕರೆಯಿಂದ ಬಿಡಿಸಿ ಮೇಜಿನ ಮೇಲಿಟ್ಟರು.

"ನೀರೂ ಕುಡಿಯೋ ಹಾಗಿಲ್ಲ, ಅಳಿಯಂದ್ರೆ."